ಮಗ್ಗ ನಿಂತ ಮಧ್ಯಾಹ್ನ

ಗರ್ಭಕೋಶದ ಆಪರೇಶನ್ ಆದಂದಿನಿಂದ ಮಂಗಲಾ ಅತ್ತೆಯ ಕೋಣೆಯಲ್ಲೇ ಮಲಗುತ್ತಿದ್ದಳು. ಮೊದಮೊದಲು ಅದಕ್ಕೆ ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ. ಹೊಟ್ಟೆಯ ಹೊಲಿಗೆ ಹಸಿಯಾಗಿತ್ತು, ಎದ್ದು ಕೂರಬೇಕಾದರೆ ಯಾರಾದರೂ ಕೈ ಕೊಡಬೇಕಿತ್ತು. ಹೊಲಿಗೆ ಒಣಗಿ, ತುಂಬಿದ ಕೊಡ ಎತ್ತುವಷ್ಟು ಆರಾಮವಾದ ಮೇಲೂ ಅವಳ ಹಾಸಿಗೆ ಅಲ್ಲೇ ಉಳಿಯಿತು. ಕೇಳಿದವರಿಗೆ, "ಅತ್ತ್ಯಾರಿಗೆ ಮೊಣಕಾಲ ಬ್ಯಾನಿ. ರಾತ್ರಿ ಎದ್ರ ಯಾರರ ಬೇಕಲ್ಲ" ಎನ್ನುತ್ತಿದ್ದಳು. ಅತ್ತೆಯನ್ನು ಇಷ್ಟು ಮುತುವರ್ಜಿಯಿಂದ ನೋಡಿಕೊಳ್ಳುವ ಸೊಸೆ ಬನಹಟ್ಟಿಯಲ್ಲೇ ಇಲ್ಲ ಎಂದು ಓಣಿಯ ಹೆಂಗಸರು ಹೊಗಳಿದರು. ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಮಂಗಲಾ ತಲೆ ತಗ್ಗಿಸಿ ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತಿದ್ದಳು.

ನಿಜ ಬೇರೆಯೇ ಇತ್ತು. ಆರಾಮವಾದ ಹೊಸದರಲ್ಲಿ ಅವಳು ಗಂಡನ ಕೋಣೆಗೆ ಹೋಗಿದ್ದಳು. ಹಸಿ ಗಾಯಕ್ಕೆ ಖಾರ ಸವರಿದ ಹಾಗಾಯಿತು. ಸೆರಗಿನ ಚುಂಗು ಕಚ್ಚಿ ಹಿಡಿದು ಸುಮ್ಮನಿದ್ದಳು. ಮತ್ತೊಮ್ಮೆ ಹೋಗುವಾಗ ತನಗೆ ತಾನೇ ಯೋಚಿಸಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡಳು. ಉರಿ, ತುರಿಕೆ ವಾರವಾದರೂ ಹೋಗಲಿಲ್ಲ. ಆಮೇಲೆ ಅತ್ತೆಯ ಮೊಣಕಾಲು ಅವಳ ನೆರವಿಗೆ ಬಂತು.

ಇದನ್ನು ಯಾರ ಮುಂದೆ ಹೇಳುವುದು? ಅವಳಿಗೆ ನಲವತ್ತನಾಲ್ಕು ವರ್ಷ. ಮಗಳು ಅಕ್ಷತಾಳನ್ನು ಬೀಳಗಿಗೆ ಕೊಟ್ಟಾಗಿತ್ತು. ಈಗ ಅವಳು ಬಸುರಿ. ಇನ್ನು ಕೆಲವು ತಿಂಗಳಲ್ಲಿ ಅಜ್ಜಿಯಾಗುವ ಹೆಂಗಸು ಇಂಥದ್ದನ್ನು ಬಾಯಿಬಿಟ್ಟು ಹೇಳಿದರೆ ಕೇಳಿದವರು ಏನೆಂದಾರು? ಆ ಬಾಬತ್ತು ಮುಗಿಯಿತು, ಮುಗಿಯುವುದೇ ಒಳ್ಳೆಯದು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಿದ್ದಳು. ಆದರೆ ಸಂಜೆ ಗಂಡ ಮುಖ ತೊಳೆದು ಬಂದು ಟವೆಲ್ಲಿಗೆ ಕೈಚಾಚಿದಾಗ, ಬೆರಳು ತಾಗೀತೆಂದು ತಾನು ಟವೆಲ್ಲಿನ ತುದಿ ಹಿಡಿದು ಕೊಡುತ್ತಿದ್ದೇನೆ ಎನ್ನುವುದು ಒಂದು ದಿನ ಅವಳಿಗೇ ಗೊತ್ತಾಯಿತು. ಅವನಿಗೂ ಗೊತ್ತಾಗಿರಬೇಕು. ಚಿದಾನಂದ ಮೊದಲೇ ಮಾತು ಕಡಿಮೆಯ ಮನುಷ್ಯ. ಈಗ ಮನೆಯಲ್ಲಿ ಅವನ ದನಿಯೇ ಇಲ್ಲದಂತಾಗಿತ್ತು.

ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಕರೆಂಟಿನ ಮಗ್ಗಗಳಿದ್ದವು. ಎಡಕ್ಕೂ ಬಲಕ್ಕೂ ಎದುರಿಗೂ ಮಗ್ಗಗಳೇ. ಬೆಳಗಾದರೆ ಓಣಿಗೆ ಓಣಿಯೇ ಖಟಖಟ ಎನ್ನುತ್ತಿತ್ತು. ಅಲ್ಲಿ ಹುಟ್ಟಿ ಬೆಳೆದವರು ಪಕ್ಕದಲ್ಲೇ ಕೂತವರ ಜೊತೆಗೂ ಕೂಗಿ ಮಾತಾಡುತ್ತಾರೆ. ಒಂದು ಮಧ್ಯಾಹ್ನ ಕೆಲಸದ ನೇಕಾರರು ಊಟಕ್ಕೆ ಹೋಗಿದ್ದರು. ಮಂಗಲಾ ಚಹಾ ತಂದಳು. ಮಗ್ಗ ನಡೆಸುತ್ತಿದ್ದ ಚಿದಾನಂದ ಕಪ್ಪು ತೆಗೆದುಕೊಳ್ಳದೆ ಏನೋ ಕೇಳಿದ.

"ಏನ್ರೀ?" ಎಂದಳು ಅವಳು.

"ನನ್ನ ಮ್ಯಾಲ ಬ್ಯಾಸರ ಆಗೇತೇನು ನಿನಗ?"

ಅವಳಿಗೆ ಆಗಲೂ ಕೇಳಿಸಲಿಲ್ಲ. ಅವನು ಸಿಟ್ಟಿನಿಂದಲೋ ಸಂಕಟದಿಂದಲೋ ಇನ್ನೂ ಜೋರಾಗಿ ಕೂಗಿದ. "ಬ್ಯಾಸರ! ನನ್ನ ಮ್ಯಾಲ!"

ಮಂಗಲಾ ಹೆದರಿ ಬಾಗಿಲ ಕಡೆ ನೋಡಿದಳು. "ಹಂಗಲ್ರೀ..."

"ಮತ್ತ ಹೆಂಗ?"

"ನೋಯ್ತೈತ್ರೀ!" ಎಂದು ಕೂಗಿಯೇಬಿಟ್ಟಳು.

ಅವನು ಮಗ್ಗ ನಿಲ್ಲಿಸಿದ. ಎಲ್ಲಿ ಎಂದು ಕೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಪಕ್ಕದ ಮನೆಯ ಮಗ್ಗಗಳು ಬಡಿಯುತ್ತಲೇ ಇದ್ದವು. ಅವನ ಕಿವಿಯ ತುದಿ ಕೆಂಪಾಗಿದ್ದು ಅವಳಿಗೆ ಕಂಡಿತು.

"ಅವತ್ತೂ ನೋಯಾಕತ್ತಿತ್ತೇನು? ನಾ ಇದ್ದಾಗ?"

ಅವಳು ಹೌದೆಂದು ತಲೆಯಾಡಿಸಿದಳು.

"ಹೇಳಬಾರದಾಗಿತ್ತೇನು ಮಂಗಲಾ?"

"ಹೆಂಗ ಹೇಳಲಿ?"

ಅವನು ಆರಿದ ಚಹಾದ ಕಪ್ಪನ್ನು ಅವಳ ಕೈಯಿಂದ ತೆಗೆದುಕೊಂಡ. ಆ ವಾರವೇ, ಹೊಲಿಗೆ ತೋರಿಸಿಕೊಂಡು ಬರುತ್ತೇವೆಂದು ತಾಯಿ ರತ್ನಾಬಾಯಿಗೆ ಹೇಳಿ, ಮಂಗಲಾಳನ್ನು ಜಮಖಂಡಿಯ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ.

ಚಿದಾನಂದ ಹೊರಗಿನ ಬಾಕಿನ ಮೇಲೆ ಕೂತಿದ್ದ. ಸುತ್ತ ಬಸುರಿಯರು, ಬಾಣಂತಿಯರು. ಡಾಕ್ಟರಮ್ಮ ಮಂಗಲಾಳನ್ನು ತಪಾಸಣೆ ಮಾಡಿ ಮುಗಿಸಿ ಅವನನ್ನೂ ಒಳಗೆ ಕರೆಸಿದರು. ಅವನು ಬಾಗಿಲ ಬಳಿಯೇ ನಿಂತ. "ಕೂಡ್ರಿ, ಇದು ಇಬ್ಬರದೂ ಮಾತು" ಎಂದರು.

"ಗರ್ಭಕೋಶದ ಜೋಡಿ ಅಂಡಾಶಯನೂ ತಗದಾರ. ಅದಕ್ಕ ಒಳಗ ಒಣಗೇತಿ. ಇವರ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಒಂದ ಮುಲಾಮ ಬರದು ಕೊಡ್ತೇನಿ. ಕೂಡೂ ಹೊತ್ತಿನ್ಯಾಗ ಹಚ್ಚಿಕೊಳ್ಳಾಕ ನೀರಿನ ಜೆಲ್ ಅಂತ ಸಿಗತೈತಿ, ಅದನ್ನ ತಗೋರಿ. ವಾಸನಿ, ಬಣ್ಣ ಇರೂದು ಬ್ಯಾಡ. ಕೊಬ್ಬರಿ ಎಣ್ಣಿ ನಿಮಗ ಆಗಿ ಬಂದಿಲ್ಲ, ಅದನ್ನ ಬಿಡ್ರಿ." ಅಡುಗೆಯ ಮಾತಾಡಿದಷ್ಟೇ ಸಲೀಸಾಗಿ ಹೇಳುತ್ತಿದ್ದರು. "ಇನ್ನೊಂದ ಮಾತು. ಸಣ್ಣ ವೈಬ್ರೇಟರ್ ಬರ್ತಾವ. ಅದರಿಂದ ಅಲ್ಲಿ ರಕ್ತ ಆಡಾಕ ಅನುಕೂಲ. ನೋವಿನ ಹೆದರಿಕಿಗೆ ಮೈ ಬಿಗೀ ಹಿಡಿದಿರತೈತಿ, ಅದೂ ಸಡಲ ಆಗತೈತಿ. ಮೆತ್ತಂದು, ತೊಳಿಯಾಕ ಬರೂವಂಥದ್ದು ಇಬ್ಬರೂ ಕೂಡಿ ನೋಡಿ ತಗೋರಿ. ಅವಸರ ಮಾಡಬ್ಯಾಡ್ರಿ. ನಾಚಿಕಿ ಪಡೂವಂಥಾದ್ದು ಇದರಾಗ ಏನಿಲ್ಲ."

ಏನಿಲ್ಲ ಎನ್ನುವುದು ಅವರಿಗೆ ಸುಲಭ ಎಂದುಕೊಂಡಳು ಮಂಗಲಾ. ಅವರು ಬನಹಟ್ಟಿಯ ಓಣಿಯಲ್ಲಿ ಬಾಳುವೆ ಮಾಡಬೇಕಾಗಿಲ್ಲ. ಹೊರಗೆ ಬಂದಾಗ ಬಾಕಿನ ಮೇಲಿದ್ದ ಹೆಂಗಸರೆಲ್ಲ ಒಳಗಿನ ಮಾತು ಕೇಳಿಸಿಕೊಂಡವರಂತೆ ಕಂಡರು. ಯಾರೂ ಕೇಳಿಸಿಕೊಂಡಿರಲಿಲ್ಲ.

ಮುಲಾಮನ್ನು ಅಲ್ಲೇ ಕೊಂಡರು. ಜೆಲ್ಲಿಗೆ ಚೀಟಿ ಇರಲಿಲ್ಲ, ಬಾಯಿಬಿಟ್ಟು ಕೇಳಬೇಕಿತ್ತು. ಜಮಖಂಡಿಯ ಮೆಡಿಕಲ್ ಅಂಗಡಿಗಳಲ್ಲಿ ಒಬ್ಬನಲ್ಲ ಒಬ್ಬ ಗುರುತಿನವನು. ಬನಹಟ್ಟಿಯ ಮಾತಂತೂ ಬೇಡವೇ ಬೇಡ. ಬೈಕು ಮುಧೋಳದ ಕಡೆ ತಿರುಗಿತು. ಅಲ್ಲಿ ಒಂದು ಅಂಗಡಿಯ ಮುಂದೆ ಚಿದಾನಂದ ಗಾಡಿ ನಿಲ್ಲಿಸಿ ಒಳಗೆ ಹೋದ. ಮಂಗಲಾ ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದಳು. ಅವನು ಗಾಜಿನ ಕಪಾಟಿನ ಮುಂದೆ ನಿಂತ, ತಲೆ ಕೆರೆದುಕೊಂಡ, ಹಿಂದೆ ಬಂದವರಿಗೆ ದಾರಿ ಬಿಟ್ಟ, ಮತ್ತೆ ನಿಂತ. ಕಡೆಗೆ ಒಂದು ಪೊಟ್ಟಣ ಹಿಡಿದು ಬಂದ. ತೆರೆದರೆ ಮೊಣಕಾಲ ನೋವಿನ ಬಾಮು.

"ಇದೇನ್ರೀ?"

"ಬಾಯಿಗೆ ಅದಽ ಬಂತು" ಎಂದ. ಮುಖ ಬೆವತಿತ್ತು. "ಅವ್ವಗರ ಆಗತೈತಿ."

ಅವಳಿಗೆ ಪಾಪ ಎನಿಸಿತು. ಸೆರಗು ಸರಿಪಡಿಸಿಕೊಂಡು ತಾನೇ ಹೋದಳು. ಮಾತಾಡುವುದೇ ಬೇಡವೆಂದು ಫೋನಿನಲ್ಲಿ ಹೆಸರು ತೆರೆದು ಅಂಗಡಿಯವನ ಮುಂದೆ ಹಿಡಿದಳು. ಅವನು ಓದಿದ. ಓದಿ, ಒಳಗಿನವರಿಗೆ ಕೇಳುವಂತೆ ದೊಡ್ಡ ದನಿಯಲ್ಲಿ, "ಆ ಜೆಲ್ಲಿ ಐತೇನ್ ನೋಡ್ರೀ, ಗಂಡ ಹೆಂಡರದು, ನೀರಿಂದು ಬೇಕಂತ!" ಎಂದ. ಪಕ್ಕದಲ್ಲಿ ಔಷಧಿಗೆ ನಿಂತಿದ್ದ ಒಬ್ಬ ಹಿರಿಯರು ತಿರುಗಿ ಅವಳನ್ನು ನೋಡಿದರು. ಬೈತಲೆಯ ಪಕ್ಕ ಬಿಳಿದಾದ ಕೂದಲಿನಿಂದ ಕಾಲುಂಗುರದವರೆಗೆ ಒಮ್ಮೆ ನೋಡಿ, ಮುಖ ಹೊರಳಿಸಿದರು. ಕಾಗದದಲ್ಲಿ ಸುತ್ತಿದ ಟ್ಯೂಬು ಕೈಗೆ ಬಂದದ್ದು, ಬೈಕು ಊರು ದಾಟಿದ್ದು ಯಾವುದೂ ಅವಳಿಗೆ ನೆನಪಿಲ್ಲ. ಆ ಹಿರಿಯರು ಮುಖ ಹೊರಳಿಸಿದ ರೀತಿ ಮಾತ್ರ ಮನೆಯವರೆಗೂ ಜೊತೆಗೆ ಬಂತು.

ಇನ್ನೊಂದನ್ನು ಅಂಗಡಿಯಲ್ಲಿ ಕೇಳುವ ಮಾತೇ ಇರಲಿಲ್ಲ. ಫೋನಿನಲ್ಲೇ ಹುಡುಕಬೇಕಾಯಿತು. ಶೆಡ್ಡಿನಲ್ಲಿ ನೂಲಿನ ಗಂಟುಗಳ ನಡುವೆ ಕೂತು, ಚಿದಾನಂದ ಓದುವ ಕನ್ನಡಕ ಏರಿಸಿಕೊಂಡು ಬೆರಳಾಡಿಸಿದ. ಬಂದ ಕೆಲವು ಚಿತ್ರ ನೋಡಿ ಮಂಗಲಾ ಸೆರಗಿನಿಂದ ಫೋನನ್ನೇ ಮುಚ್ಚಿಬಿಟ್ಟಳು.

"ಶಿವನಽ, ಇದನ್ನೇನ್ ಮಾಡ್ತಾರ್ರೀ?"

"ನನಗೇನ್ ಗೊತ್ತು? ಇದು ಬ್ಯಾಡ, ಮುಂದಿಂದ ನೋಡೂಣು."

ಡಾಕ್ಟರಮ್ಮ ಹೇಳಿದ್ದನ್ನು ಒಂದೊಂದಾಗಿ ನೆನಪಿಸಿಕೊಂಡರು. ಮೆತ್ತಗಿರಬೇಕು, ಅಂದರೆ ರಬ್ಬರಿನಂಥ ಸಿಲಿಕಾನಿನದು. ಸಿಲಿಕಾನಿಗೆ ನೀರಿನ ಜೆಲ್ಲೇ ಸರಿ ಎಂದು ಫೋನಿನಲ್ಲಿ ಬರೆದಿತ್ತು. ತಾವು ತಂದದ್ದು ಅದೇ ಎಂದು ಇಬ್ಬರಿಗೂ ಸಮಾಧಾನವಾಯಿತು. ಹೆಬ್ಬೆಟ್ಟಿಗಿಂತ ತುಸು ದೊಡ್ಡದೊಂದು ಕಂಡಿತು. ಚಾರ್ಜಿನದು, ನೀರಲ್ಲಿ ತೊಳೆಯಬಹುದಾದದ್ದು. ಕೊಂಡವರು ಬರೆದದ್ದನ್ನು ಅವನು ಓದಿ ಹೇಳಿದ. "ಸಪ್ಪಳ ಸ್ವಲ್ಪ ಜಾಸ್ತಿ ಅಂತ ಬರದಾರ. ಇರಲಿ ಬಿಡು, ನಮ್ಮ ಮಗ್ಗದ ಗದ್ದಲದಾಗ ಯಾರಿಗೆ ಕೇಳತೈತಿ? ಬಣ್ಣ ಯಾವುದು ಹೇಳು."

ಸೀರೆಯ ವ್ಯಾಪಾರಿಗಳನ್ನು ಕೇಳುವಾಗಿನ ಅದೇ ದನಿ. ಮಂಗಲಾಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಅವನೂ ನಕ್ಕ. "ಹಸರ ಬ್ಯಾಡ್ರೀ, ಬಳಿ ನೆನಪಾಗ್ತಾವ" ಎಂದು ಅವಳು ಬದನೆಕಾಯಿ ಬಣ್ಣ ಹೇಳಿದಳು. ಹೇಳಿದ ಮರುಗಳಿಗೆ, ಇಂಥದ್ದಕ್ಕೆ ಬಣ್ಣ ಆರಿಸುತ್ತ ಕೂತೆನಲ್ಲ ಎಂದು ಮೈ ಹಿಡಿಯಷ್ಟಾಯಿತು.

ಪಾರ್ಸೆಲ್ ಬಂದಾಗ ಅವಳು ನೀರು ಹಿಡಿಯಲು ಹೋಗಿದ್ದಳು. ಇಸಿದುಕೊಂಡದ್ದು ರತ್ನಾಬಾಯಿ. ಬೆಲೆಯುಳ್ಳದ್ದು, ಒಡೆಯದೆ ಇಟ್ಟದ್ದು ಏನೇ ಇದ್ದರೂ ಅದನ್ನು ದೇವರ ಜಗಲಿಯ ಮೇಲಿಡುವುದು ಆ ಹಿರಿಯಾಕೆಯ ರೂಢಿ. ಮಂಗಲಾ ಬಂದು ನೋಡಿದರೆ ವಿಭೂತಿ ಗಟ್ಟಿಯ ಪಕ್ಕ, ಬಿಲ್ವಪತ್ರೆಯ ಕೆಳಗೆ ಆ ಡಬ್ಬಿ ಕೂತಿತ್ತು.

"ಏನೋ ಬಂದೈತಿ ನೋಡ ಚಿದಾನಂದಾ. ಹಗುರ ಐತಿ" ಎಂದಳು ರತ್ನಾಬಾಯಿ.

"ಮಗ್ಗದ ಸಾಮಾನ ಯವ್ವಾ" ಎಂದು ಅವನು ಎತ್ತಿಕೊಂಡು ಹೋದ.

ಆ ಸಂಜೆ ದೀಪ ಹಚ್ಚುವಾಗ ಮಂಗಲಾ ಕಣ್ಣೆತ್ತಿ ದೇವರನ್ನು ನೋಡಲಿಲ್ಲ. ತಪ್ಪಾತು, ತಪ್ಪಾತು ಎಂದು ಎರಡೂ ಕೆನ್ನೆ ಬಡಿದುಕೊಂಡಳು.

ಶ್ರಾವಣ ಬಂದಿತ್ತು. ಮಠದಲ್ಲಿ ಮಧ್ಯಾಹ್ನದ ಹೊತ್ತು ಪ್ರವಚನ. ರತ್ನಾಬಾಯಿ ಓಣಿಯ ಹೆಂಗಸರ ಜೊತೆ ಹೋಗಿ ಚಹಾದ ಹೊತ್ತಿಗೆ ಬರುತ್ತಿದ್ದಳು. ನೇಕಾರರು ಹಿಂದಿನ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದರು. ಮನೆ ಖಾಲಿ.

ಮೊದಲ ಸಲ ಜೆಲ್ ಮಾತ್ರ ಇತ್ತು. ತಣ್ಣಗಿದ್ದ ಅದು ತಾಗಿದಾಗ ಅವಳು ಬೆಚ್ಚಿದಳು. ಚಿದಾನಂದ ಅದನ್ನು ಅಂಗೈಯಲ್ಲಿ ಹಾಕಿಕೊಂಡು ತಿಕ್ಕಿ ಬೆಚ್ಚಗೆ ಮಾಡಿದ. "ನೋವಾದ್ರ ಹೇಳು, ನಿಲ್ಲಿಸ್ತೇನಿ" ಎಂದ. ಅದುವರೆಗಿನ ಸಂಸಾರದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಅವಳು ಮೈಯೆಲ್ಲ ಬಿಗಿಹಿಡಿದು ನೋವಿಗೆ ಕಾದಳು. ನೋವು ಬರಲಿಲ್ಲ. ಕಾದು ಕಾದು, ಬರಲಿಲ್ಲವೆಂದು ಗೊತ್ತಾದಾಗ ಅವಳಿಗೆ ಅಳು ಬಂತು. ಅವನು ಹೆದರಿದ. "ಇಲ್ರೀ, ನೋವಿಲ್ಲ" ಎಂದಳು. ಆ ದಿನ ಅವಳ ಹಾಸಿಗೆ ಅತ್ತೆಯ ಕೋಣೆಯಿಂದ ಹಿಂದಕ್ಕೆ ಬಂತು.

ಆಮೇಲೊಂದು ಮಧ್ಯಾಹ್ನ ಅವನು ಆ ಡಬ್ಬಿ ತೆರೆದ. ಒಳಗಿನ ಸೂಚನೆಯ ಹಾಳೆಯನ್ನು ಕನ್ನಡಕ ಹಾಕಿಕೊಂಡು ಪರೀಕ್ಷೆಗೆ ಓದುವವನಂತೆ ಓದಿದ. ಮಂಗಲಾ ಅದನ್ನು ಮೊದಲು ಅಂಗೈಯಲ್ಲಿ ಹಿಡಿದು ನೋಡಿದಳು. ಮುಷ್ಟಿಯೊಳಗೆ ಸಿಕ್ಕ ದುಂಬಿಯ ಹಾಗೆ ಗುಂಯ್‌ಗುಟ್ಟಿತು. "ಬ್ಯಾಡ್ರೀ, ಏನೋ ಆಗತೈತಿ" ಎಂದಳು. "ಬ್ಯಾಡಂದ್ರ ಬ್ಯಾಡ" ಎಂದು ಅವನು ಇಡಲು ಹೋದ. ಅವನು ಇಡಲು ಹೋದದ್ದಕ್ಕೇ ಅವಳಿಗೆ ಧೈರ್ಯ ಬಂತು. ಕಿಟಕಿ ಮುಚ್ಚಲು ಹೇಳಿದಳು. ಅವನ ಕೈ ಅವಸರ ಮಾಡಲಿಲ್ಲ. ಇಲ್ಲೇನು, ಹಿಂಗೇನು ಎಂದು ಕೇಳುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡು ಹೂಂ, ಊಹೂಂ ಎನ್ನುತ್ತಿದ್ದಳು. ಹೊರಗೆ ಮಗ್ಗಗಳು ಬಡಿಯುತ್ತಿದ್ದವು. ಮೆಲ್ಲಗೆ ಅವಳಿಗೆ ಅವುಗಳ ಸದ್ದು ದೂರವಾಯಿತು. ತನ್ನ ಮೈಗೆ ಇಂಥದ್ದೊಂದು ಗೊತ್ತಿದೆ ಎಂದು ಇಷ್ಟು ವರ್ಷ ಅವಳಿಗೇ ಗೊತ್ತಿರಲಿಲ್ಲ. ಅವಳ ಬಾಯಿಂದ ಒಂದು ದನಿ ಹೊರಟಿತು. ಹೆರಿಗೆಯಲ್ಲೂ ಅಷ್ಟು ಜೋರಾಗಿ ಕೂಗದ ಹೆಂಗಸು ಅವಳು.

ಆಗಲೇ ಕರೆಂಟು ಹೋಯಿತು.

ಒಂದೇ ಏಟಿಗೆ ಓಣಿಯ ಮಗ್ಗಗಳೆಲ್ಲ ನಿಂತವು. ಎದುರು ಮನೆಯ ಕೋಳಿ ಕೆದಕುವುದೂ ಕೇಳುವಷ್ಟು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಅದೊಂದು ಮಾತ್ರ ಗುಂಯ್ ಎನ್ನುತ್ತಿತ್ತು. ಅದು ಚಾರ್ಜಿನದು, ಅದಕ್ಕೆ ಕರೆಂಟಿನ ಹಂಗಿಲ್ಲ. ಚಿದಾನಂದ ಗಾಬರಿಯಿಂದ ಗುಂಡಿ ಒತ್ತಿದ. ಅದು ಇನ್ನೂ ಜೋರಾಯಿತು. ಮತ್ತೆ ಒತ್ತಿದ. ನಿಂತು ನಿಂತು ಗುಂಯ್‌ಗುಟ್ಟತೊಡಗಿತು.

"ಚಿದಾನಂದಾ." ಪಡಸಾಲೆಯಿಂದ ದನಿ ಬಂತು. ರತ್ನಾಬಾಯಿ ಯಾವಾಗ ಬಂದಿದ್ದಳೋ. "ಏನೋ ಅದು ಗುಂಯ್ ಅನ್ನಾಕತ್ತೈತಿ?"

ಅವನು ಅದನ್ನು ದಿಂಬಿನ ಕೆಳಗೆ ತುರುಕಿ, ಮೇಲೆ ತಾನೇ ಕೂತು, "ದಾಡಿ ಮಶೀನ್ ಯವ್ವಾ!" ಎಂದ.

"ಹೌದೇನು" ಎಂದಳು ರತ್ನಾಬಾಯಿ.

ಗುಂಡಿಯನ್ನು ಒತ್ತಿ ಹಿಡಿಯಬೇಕೆಂದು ಹಾಳೆಯಲ್ಲಿದ್ದುದು ಅವನಿಗೆ ನೆನಪಾಗುವಷ್ಟರಲ್ಲಿ ಮಂಗಲಾ ಗೋಡೆಯ ಕಡೆ ಮುಖ ಮಾಡಿ, ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿದ್ದಳು. ಕರೆಂಟು ಬರಲಿಲ್ಲ. ಬಂದಿದ್ದರೆ ಸದ್ದಿನ ಮರೆಯಲ್ಲಾದರೂ ಹೊರಗೆ ಹೋಗಬಹುದಿತ್ತು. ಎಷ್ಟು ಹೊತ್ತೆಂದು ಒಳಗಿರುವುದು? ಸೀರೆ ಉಟ್ಟು, ತುರುಬು ಕಟ್ಟಿ, ಬಾಗಿಲು ತೆರೆದಳು. ರತ್ನಾಬಾಯಿ ಕಂಬಕ್ಕೊರಗಿ ಬತ್ತಿ ಹೊಸೆಯುತ್ತಿದ್ದಳು. ಮೊಣಕಾಲು ನೋವೆಂದು ಪ್ರವಚನದ ನಡುವೆಯೇ ಎದ್ದು ಬಂದಿದ್ದಳಂತೆ. ತಲೆ ಎತ್ತಲಿಲ್ಲ. "ಚಹಾ ಇಡವಾ" ಎಂದಳು.

ತಾನು ಬಂದು ಎಷ್ಟು ಹೊತ್ತಾಯಿತೆಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ಮಂಗಲಾಳಿಗಿರಲಿಲ್ಲ. ಆ ದನಿ, ಅದೊಂದು ಕೇಳಿಸಿರದಿದ್ದರೆ ಸಾಕು ಎಂದು ಒಲೆಯ ಮುಂದೆ ನಿಂತು ಬೇಡಿಕೊಂಡಳು. ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ರಾತ್ರಿ ಊಟಕ್ಕೆ ಬಡಿಸುವಾಗ ರತ್ನಾಬಾಯಿ ಮಗನ ಮುಖ ನೋಡಿ, "ದಾಡಿ ಹಂಗಽ ಉಳದೈತಲ್ಲೋ" ಎಂದಳು. ಬರೀ ಆಡಿದ ಮಾತೋ, ಬೇಕೆಂದೇ ಆಡಿದ್ದೋ ತಿಳಿಯಲಿಲ್ಲ. ಚಿದಾನಂದನಿಗೆ ತುತ್ತು ನೆತ್ತಿಗೇರಿತು. ಮಂಗಲಾ ಒಳಗೆ ಹೋಗಿ ನೀರಿನ ಕೊಡ ಹಿಡಿದು ನಿಂತುಬಿಟ್ಟಳು.

ಮರುದಿನ ಅವಳ ಹಾಸಿಗೆ ಮತ್ತೆ ಅತ್ತೆಯ ಕೋಣೆಗೆ ಹೋಯಿತು. ಡಬ್ಬಿಯನ್ನೂ ಟ್ಯೂಬನ್ನೂ ಅಟ್ಟದ ಮೇಲೆ ಹಳೆಯ ನೂಲಿನ ಚೀಲದೊಳಗೆ ಹೂತಿಟ್ಟಳು. ಚಿದಾನಂದ ಒಂದೆರಡು ಸಲ ಬಾಗಿಲಲ್ಲಿ ಬಂದು ನಿಂತು ಹೋದ.

ಭಾದ್ರಪದದಲ್ಲಿ ಅಕ್ಷತಾಳ ಕುಬಸ, ಸೀಮಂತದ ಕಾರ್ಯ. ಬೀಗರ ಮನೆಯಲ್ಲೇ ಮಾಡುವುದೆಂದು ನಿಶ್ಚಯವಾಗಿತ್ತು. ರತ್ನಾಬಾಯಿ ಸಂಬಂಧಿಕರ ಜೊತೆ ಟೆಂಪೋದಲ್ಲಿ ಮುಂದೆ ಹೋದಳು. ಗಂಡ ಹೆಂಡತಿ ಹಿಂದಿನಿಂದ ಬೈಕಿನಲ್ಲಿ ಹೊರಟರು. ಗಲಗಲಿ ಹತ್ತಿರ ಕೃಷ್ಣೆ ಕಂಡಲ್ಲಿ ಚಿದಾನಂದ ಗಾಡಿ ನಿಲ್ಲಿಸಿದ. ಹಿನ್ನೀರು ಹೊಲಗಳ ಅಂಚಿನವರೆಗೂ ಬಂದು ನಿಂತಿತ್ತು. ರಸ್ತೆಯಲ್ಲಿ ಯಾರೂ ಇರಲಿಲ್ಲ.

"ಯಾಕ್ರೀ ನಿಲ್ಲಿಸಿದ್ರಿ? ಹೊತ್ತಾಗತೈತಿ."

"ನಿನ್ನ ಒಂದ ಮಾತ ಕೇಳಬೇಕಾಗೇತಿ. ಮನ್ಯಾಗ ಕೇಳಾಕ ಆಗೂದಿಲ್ಲ." ಅವನು ಅವಳ ಕಡೆ ನೋಡದೆ ನೀರಿನ ಕಡೆ ನೋಡುತ್ತ ಹೇಳಿದ. "ಅವ್ವಗ ಗೊತ್ತಾತು ಅಂತ ನಾಚಿಕೀನಽ ನಿನಗ?"

"ಹೌದ್ರೀ."

"ಅಷ್ಟಽ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮನೆಯಲ್ಲಾಗಿದ್ದರೆ ಎದ್ದು ಒಳಗೆ ಹೋಗಬಹುದಿತ್ತು.

"ಅಷ್ಟಽ ಅಲ್ರೀ" ಎಂದಳು ಕಡೆಗೆ. "ನಾ ನಿಮಗ ಸುಳ್ಳ ಹೇಳೇನಿ. ಮದಲಿಂದೂ."

"ಏನ್ ಸುಳ್ಳ?"

"ಛಲೋ ಅನಸ್ತೈತೇನು ಅಂತ ನೀವು ಒಮ್ಮೊಮ್ಮೆ ಕೇಳ್ತಿದ್ರಲ್ಲ. ಹೂಂ ಅಂತಿದ್ನಿ. ನನಗ ಗೊತ್ತಽ ಇರಲಿಲ್ರೀ, ಛಲೋ ಅಂದ್ರ ಏನಂತ. ಅವತ್ತ ಗೊತ್ತಾತು. ಅಜ್ಜಿ ಆಗೂ ವಯಸ್ಸಿನ್ಯಾಗ, ಒಂದ ಆಟಿಕಿ ಸಾಮಾನದಿಂದ." ಅವಳು ಸೆರಗಿನ ಅಂಚು ಬಿಟ್ಟು ಅವನ ಕಡೆ ತಿರುಗಿದಳು. "ನಿಮ್ಮ ಮುಂದ ಹಂಗ ಒದರಿದ್ನಲ್ಲ, ನೀವು ಏನ್ ತಿಳಕೊಂಡ್ರಿ? ಇವಳು ಎಂಥಾಕಿ ಅಂತ ತಿಳಕೊಂಡ್ರಿ?"

ಚಿದಾನಂದ ನೀರಿನ ಅಂಚಿಗೆ ನಡೆದು ಹೋದ. ಹಾಗೇ ನಿಂತ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಎಲ್ಲ ಕೆಡಿಸಿಕೊಂಡೆ ಎಂದುಕೊಂಡಳು ಮಂಗಲಾ. ಹೇಳಬಾರದಿತ್ತು. ಹೂಂ ಎನ್ನುತ್ತಲೇ ಈ ಜನ್ಮ ಕಳೆದುಬಿಡಬಹುದಿತ್ತು. ಅವನು ಬಗ್ಗಿ ಮುಖಕ್ಕೆ ನೀರು ಹಾಕಿಕೊಂಡು, ಟವೆಲ್ಲಿನಿಂದ ಒರೆಸಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡು ತಿರುಗಿ ಬಂದ.

"ನೀ ಸುಳ್ಳ ಹೇಳಿದಿ, ಖರೆ. ನಾ ಕೇಳೂದೂ ಹಂಗಽ ಕೇಳ್ತಿದ್ನಿ, ಹೂಂ ಅನ್ನಲಿ ಅಂತ" ಎಂದ. "ನಂದೂ ಒಂದ ಐತಿ. ಹೇಳಿದ್ರ ನಗಬ್ಯಾಡ."

"ಇಲ್ಲ, ಹೇಳ್ರಿ."

"ಅವತ್ತ ನೀ ಹಂಗ ಆದಾಗ ನನಗ ಮೊದಲ ಖುಶಿ ಆತು. ಆಮ್ಯಾಲ ಹೊಟ್ಟಿಕಿಚ್ಚ ಬಂತು. ಆ ಸಾಮಾನದ ಮ್ಯಾಲ. ಇಷ್ಟ ವರ್ಷ ನನ್ನ ಕೈಲೆ ಆಗಲಾರದ್ದು ಅದರಿಂದ ಆತಲ್ಲ ಅಂತ. ನೀ ಅದನ್ನ ಅಟ್ಟದ ಮ್ಯಾಲ ಒಗದಾಗ ಒಳಗಿಂದೊಳಗ ಹಗುರನೂ ಆತು. ಇದನ್ನ ಯಾರ ಮುಂದ ಹೇಳಲಿ? ಗಂಡಸು ಅಂತಾರೇನು ಇದಕ್ಕ?"

ಮಂಗಲಾ ಅವನನ್ನು ನೋಡಿದಳು. ಇಷ್ಟು ದಿನ ನಾಚಿಕೆ ತನ್ನೊಬ್ಬಳದೇ ಎಂದುಕೊಂಡಿದ್ದಳು. ಅವನೂ ತನ್ನ ಪಾಲನ್ನು ಹೊತ್ತುಕೊಂಡು ಅದೇ ಮನೆಯಲ್ಲಿ ತಿರುಗಾಡುತ್ತಿದ್ದ.

"ಅದನ್ನ ಹಿಡಿದಿದ್ದ ಕೈ ನಿಮ್ಮದಽ ಇತ್ತಲ್ರೀ" ಎಂದಳು.

ಹೇಳಿ ಮುಗಿಸುವಷ್ಟರಲ್ಲಿ ಕುತ್ತಿಗೆಯವರೆಗೆ ಬಿಸಿ ಏರಿತು. ಅವನು ನಗಲಿಲ್ಲ. ಟ್ರ್ಯಾಕ್ಟರೊಂದು ಹಾಯ್ದು ಹೋಗುವವರೆಗೆ ಇಬ್ಬರೂ ಅಪರಿಚಿತರಂತೆ ಬೈಕಿನ ಆಚೆ ಒಬ್ಬರು ಈಚೆ ಒಬ್ಬರು ನಿಂತರು. ಆಮೇಲೆ ಹತ್ತಿ ಹೊರಟರು.

ಕುಬಸ ಚೆನ್ನಾಗಿ ಆಯಿತು. ಅಕ್ಷತಾಳ ಕೈತುಂಬ ಬಳೆ, ಉಡಿತುಂಬ ಅಕ್ಕಿ. ಅವಳು ನಾಚಿ ತಲೆ ತಗ್ಗಿಸಿದ್ದನ್ನು ನೋಡಿ ಹೆಂಗಸರೆಲ್ಲ ಚೇಷ್ಟೆ ಮಾಡಿದರು. ಹೊಟ್ಟೆ ಹೇಗೆ ಬಂತು ಎನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಅದಕ್ಕೆ ಹಾಡು, ಆರತಿ, ನಗು. ಮಂಗಲಾ ಆರತಿ ತಟ್ಟೆ ಹಿಡಿದು ನಿಂತವಳು ಅದನ್ನೇ ಯೋಚಿಸುತ್ತಿದ್ದಳು.

ಹೊರಡುವ ಹೊತ್ತಿಗೆ ರತ್ನಾಬಾಯಿ, "ನಾ ಒಂದ ನಾಕ ದಿನ ಇಲ್ಲೇ ಇರ್ತೇನಿ. ಹುಡುಗಿ ಬ್ಯಾಸರ ಮಾಡಕೋತೈತಿ" ಎಂದಳು. ಎಲ್ಲರಿಗೂ ಆಶ್ಚರ್ಯ. ಹಾಸಿಗೆ ಬದಲಾದರೆ ನಿದ್ದೆ ಬರುವುದಿಲ್ಲವೆಂದು ತವರಿನಲ್ಲೂ ಒಂದು ರಾತ್ರಿ ಉಳಿಯದ ಹೆಂಗಸು ಅವಳು.

"ಮೊಣಕಾಲ ಬ್ಯಾನಿ ಐತಲ್ರೀ ಅತ್ತಿ, ರಾತ್ರಿ ಯಾರ ನೋಡ್ತಾರ?" ಎಂದಳು ಮಂಗಲಾ. ದನಿ ತೊದಲಿತು.

"ಮೊಮ್ಮಗಳ ಇದ್ದಾಳಲ್ಲ." ರತ್ನಾಬಾಯಿ ಸೊಸೆಯ ತಲೆಯ ಮೇಲಿನ ಸೆರಗನ್ನು ಸರಿಮಾಡಿದಳು. ಮುಖದಲ್ಲಿ ಏನೂ ಇರಲಿಲ್ಲ. "ಹುಶಾರಿಲೆ ಹೋಗ್ರಿ. ಹಾಲಿನವಗ ಹೇಳಿ ಹಾಲ ಕಡಿಮಿ ಮಾಡಸು."

ಅತ್ತೆಗೆ ಗೊತ್ತಾಗಿತ್ತೋ ಇಲ್ಲವೋ ಮಂಗಲಾಳಿಗೆ ಕೊನೆಗೂ ತಿಳಿಯಲಿಲ್ಲ. ಗೊತ್ತಾಗಿಯೇ ಉಳಿದಳೆಂದರೆ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು. ಗೊತ್ತಿಲ್ಲದೆ ಉಳಿದಳೆಂದರೆ ನಂಬಿಕೆ ಬರುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು, ಅತ್ತು ಮುಗಿಸಬಹುದಿತ್ತು. ಇದಕ್ಕೆ ಏನು ಮಾಡುವುದೆಂದು ಅವಳಿಗೆ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಊಟವಾಯಿತು. ಕುಬಸದ ಹೋಳಿಗೆ ಉಳಿದಿತ್ತು, ಹಾಲಿನಲ್ಲಿ ನೆನೆಸಿ ಇಬ್ಬರೂ ತಿಂದರು. ಪಾತ್ರೆ ತೊಳೆದಿಟ್ಟು ಮಂಗಲಾ ಅಟ್ಟಕ್ಕೆ ಏಣಿ ಹಚ್ಚಿದಳು. ಪಡಸಾಲೆಯಲ್ಲಿ ಕೂತಿದ್ದ ಚಿದಾನಂದ ಎದ್ದು ಬಂದು ಏಣಿಯನ್ನು ಹಿಡಿದುಕೊಂಡ. ನೂಲಿನ ಚೀಲದೊಳಗೆ ಕೈಹಾಕಿ ತಡಕಾಡುವಾಗ ಅವಳ ಮುಖ ಕಾದ ಹಂಚಿನಂತಾಗಿತ್ತು. ಈ ನಾಚಿಕೆ ಇಂದು ಹೋಗುವುದಿಲ್ಲ, ನಾಳೆಯೂ ಹೋಗುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಅದು ಹೋಗಲಿ ಎಂದು ಅವಳು ಕಾಯಲಿಲ್ಲ. ಕೆಳಗಿಳಿದು ಬಂದು ಬಾಗಿಲಿನ ಅಗುಳಿ ತಾನೇ ಹಾಕಿದಳು.